ಕಷಾಯ ಕುಡಿದರೆ ಮೂರೇ ದಿನದಲ್ಲಿ ಶ್ವಾಸಕೋಶ ಸ್ವಚ್ಛವಾಗುತ್ತದೆಯೇ?

ಶುಂಠಿ, ಅರಿಶಿನ, ಬೆಲ್ಲದ ಕಷಾಯ ಕುಡಿದರೆ ಸಿಗರೇಟು ಸೇದಿ ಹಾಳಾದ ಶ್ವಾಸಕೋಶ ಮೂರೇ ದಿನದಲ್ಲಿ ಸ್ವಚ್ಛವಾಗುತ್ತದೆ ಎಂಬಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಬರುತ್ತಿರುತ್ತವೆ. ಇದು ನಿಜವಲ್ಲ. ಕುಡಿದ ಕಷಾಯ ಹೊಟ್ಟೆಗೆ ಹೋಗುತ್ತದೆ, ಶ್ವಾಸನಾಳಕ್ಕಲ್ಲ. ಗಂಟಲಿಗೆ ಹಿತ ಎನಿಸಬಹುದು, ಅಷ್ಟೇ. ಶ್ವಾಸನಾಳವನ್ನು ಗುಡಿಸುವ, ರಿಪೇರಿ ಮಾಡುವ ವ್ಯವಸ್ಥೆ ಅದರ ಒಳಪದರದಲ್ಲೇ ಇದೆ.

ಒಳಪದರದಲ್ಲಿ ಯಾರ್ಯಾರಿದ್ದಾರೆ?

ಕೆಲವು ಜೀವಕೋಶಗಳು ಲೋಳೆ ಸುರಿಸುತ್ತವೆ. ಉಸಿರಿನ ಜೊತೆ ಬಂದ ಧೂಳು, ರೋಗಾಣು ಅದಕ್ಕೆ ಅಂಟಿಕೊಳ್ಳುತ್ತವೆ. ಇನ್ನು ಕೆಲವು ಕೋಶಗಳ ಮೇಲೆ ತಲಾ 200ಕ್ಕೂ ಹೆಚ್ಚು ಸೂಕ್ಷ್ಮ ರೋಮಗಳಿರುತ್ತವೆ. ಇವು ಸೆಕೆಂಡಿಗೆ ಹತ್ತಾರು ಬಾರಿ ಬಡಿದು ಆ ಲೋಳೆಯನ್ನು ಗಂಟಲಿನತ್ತ ತಳ್ಳುತ್ತವೆ. ಇವೆರಡರ ಬುಡದಲ್ಲಿ ಕುಳಿತಿರುವುದೇ ತಳಕೋಶ. ಇದು ಒಂದು ಬಗೆಯ ಸ್ಟೆಮ್ ಸೆಲ್, ಅಂದರೆ ಆಕರಕೋಶ.

ಒಂದೇ ಕೋಶ ಎರಡು ಬಗೆಯಾಗುವುದು ಹೇಗೆ?

ಮೇಲಿನ ಕೋಶಗಳು ಸತ್ತಾಗ ತಳಕೋಶ ವಿಭಜನೆಯಾಗುತ್ತದೆ. ಹೊಸ ಕೋಶ ಏನಾಗಬೇಕು ಎಂಬುದನ್ನು ಬಹುಮಟ್ಟಿಗೆ ಅಕ್ಕಪಕ್ಕದ ಕೋಶಗಳಿಂದ ಬರುವ 'ನಾಚ್' ಎಂಬ ಸಂಕೇತ ತೀರ್ಮಾನಿಸುತ್ತದೆ. ಸಂಕೇತ ಜೋರಾಗಿದ್ದರೆ ಲೋಳೆ ಸುರಿಸುವ ಕೋಶ, ಕಡಿಮೆಯಿದ್ದರೆ ರೋಮಕೋಶ. ಪ್ರಯೋಗಾಲಯದಲ್ಲಿ ಮನುಷ್ಯನ ತಳಕೋಶಗಳನ್ನು ಬೆಳೆಸಿದಾಗ ರೋಮಗಳಿರುವ ಪೂರ್ಣ ಪದರ ತಯಾರಾಗಲು ಸುಮಾರು ನಾಲ್ಕು ವಾರ ಬೇಕು. ಮೂರು ದಿನದ ಮಾತು ಇಲ್ಲೇ ಬಿದ್ದುಹೋಗುತ್ತದೆ.

ಹೊಗೆ ಮಾಡುವುದೇನು?

ಬೀಡಿ, ಸಿಗರೇಟಿನ ಹೊಗೆ ಈ ಲೆಕ್ಕಾಚಾರವನ್ನೇ ಕೆಡಿಸುತ್ತದೆ. ಲೋಳೆ ಕೋಶಗಳು ಹೆಚ್ಚುತ್ತವೆ, ರೋಮಗಳು ಗಿಡ್ಡವಾಗುತ್ತವೆ. ಕಫ ಜಾಸ್ತಿ, ಅದನ್ನು ತಳ್ಳುವವರು ಕಡಿಮೆ. ಸೇದುವವರಿಗೆ ಬೆಳಗ್ಗೆ ಬರುವ ಕೆಮ್ಮಿನ ಹಿಂದಿನ ಗುಟ್ಟು ಇದೇ. ಜೊತೆಗೆ ತಳಕೋಶಗಳ ಡಿಎನ್‌ಎ ಕೂಡ ಹಾಳಾಗುತ್ತದೆ. ಕ್ಯಾನ್ಸರ್‌ಗೆ ದಾರಿಯಾಗುವುದು ಹೀಗೆ.

ಬಿಟ್ಟರೆ ಉಪಯೋಗವಿದೆಯೇ?

ಖಂಡಿತ ಇದೆ. 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬ್ರಿಟನ್‌ನ ವಿಜ್ಞಾನಿಗಳು 16 ಜನರ ಶ್ವಾಸನಾಳದ ಕೋಶಗಳ ಅಧ್ಯಯನ ಪ್ರಕಟಿಸಿದರು. ಧೂಮಪಾನ ಬಿಟ್ಟವರಲ್ಲಿ ಹೆಚ್ಚೂಕಮ್ಮಿ ಹಾನಿಯಿಲ್ಲದ ಕೋಶಗಳು ಶೇ. 40ರವರೆಗೂ ಇದ್ದವು. ಈಗಲೂ ಸೇದುತ್ತಿದ್ದವರಿಗಿಂತ ಇದು ನಾಲ್ಕು ಪಟ್ಟು ಹೆಚ್ಚು. ಅಲ್ಲಿದ್ದವರಲ್ಲಿ ಹಲವರು ದಶಕಗಳ ಕಾಲ ಸೇದಿದ್ದವರು. ಆದರೆ ಶ್ವಾಸಕೋಶದ ಆಳದಲ್ಲಿ ಒಡೆದುಹೋದ ಗಾಳಿಚೀಲಗಳು ಮತ್ತೆ ಮೊದಲಿನಂತಾಗುವುದಿಲ್ಲ. ಹಾಗಾಗಿ ಬೇಗ ಬಿಟ್ಟಷ್ಟೂ ಲಾಭ.

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಅಥವಾ ಕಫದಲ್ಲಿ ರಕ್ತ ಕಂಡರೆ ಕಷಾಯ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. 'ಮೂರು ದಿನದಲ್ಲಿ ಸ್ವಚ್ಛ' ಎಂಬ ಸಂದೇಶ ನಂಬಿದವರು ಸೇದುವುದನ್ನು ಮುಂದುವರಿಸಬಹುದು. ಅದನ್ನು ಫಾರ್ವರ್ಡ್ ಮಾಡುವ ಮುನ್ನ ಇಷ್ಟು ಯೋಚಿಸಿ.