ಬಾಯ್ದೆರೆದ ಪೆಂಗ್ವಿನ್

ನಾವು ನೆಲೆಸಿರುವ ಮಹಾನಗರಗಳ ಉದ್ಯಾನಗಳಲ್ಲಿ ಹೆಜ್ಜೆಗೊಂದು ಪೆಂಗ್ವಿನ್ ಬಾಯ್ದೆರೆದು ನಿಂತಿರುತ್ತದೆ. ಜೊತೆಗೆ ಮೊಲವೋ ಕಪ್ಪೆಯೋ ಇರುವುದೂ ಉಂಟು. ಹೊಟ್ಟೆಯ ಮೇಲೆ ‘ನನ್ನನ್ನು ಬಳಸಿ’ ಎಂಬ ಬರಹ. ಮಕ್ಕಳ ಮನಸೆಳೆಯಲೆಂದೇ ಫೈಬರ್ ಗ್ಲಾಸಿನಲ್ಲಿ ಮಾಡಿದ ಈ ಪ್ರಾಣಿಗಳೆಲ್ಲ ಕಸದ ತೊಟ್ಟಿಗಳು. ಅಪ್ಪಿಕೊಳ್ಳಲು ಓಡುವ ಮಗುವನ್ನು ತಾಯಿ ‘ಛೀ, ಮುಟ್ಟಬೇಡ’ ಎಂದು ಹಿಂದಕ್ಕೆಳೆಯುತ್ತಾಳೆ, ಅವಳದೇನೂ ತಪ್ಪಿಲ್ಲ. ತೊಟ್ಟಿಯಲ್ಲದ ಆನೆ, ಜಿರಾಫೆಗಳೋ ಎತ್ತರದ ಕಟ್ಟೆಯ ಮೇಲೆ, ಸರಪಳಿಯಾಚೆ. ಅಲ್ಲಿ ಗದರುವ ಕೆಲಸ ಕಾವಲುಗಾರನದು.

ಮಗು ಆಕಾರವನ್ನು ಮೊದಲು ಅರಿಯುವುದು ಅಂಗೈಯಿಂದ. ಮುಟ್ಟಗೊಡದ ಶಿಲ್ಪವನ್ನು ಮಕ್ಕಳಿಗಾಗಿ ನಿಲ್ಲಿಸಿದ್ದೇವೆ ಎನ್ನುವುದನ್ನು ನಾವು ಒಪ್ಪಲಾರೆವು.

ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಉದ್ಯಾನದಲ್ಲಿ 1987ರಿಂದ ಒಂದು ತಾಯಿ ಬಾತುಕೋಳಿ, ಅದರ ಹಿಂದೆ ಸಾಲಾಗಿ ಎಂಟು ಮರಿಗಳು ನಡೆದಿವೆ. ರಾಬರ್ಟ್ ಮೆಕ್ಲಾಸ್ಕಿ 1941ರಲ್ಲಿ ಪ್ರಕಟಿಸಿದ ಮಕ್ಕಳ ಚಿತ್ರಪುಸ್ತಕದ ಪಾತ್ರಗಳಿವು. ಕಂಚಿನಲ್ಲಿ ಮೂಡಿಸಿದವರು ನ್ಯಾನ್ಸಿ ಶೋನ್. ಕಟ್ಟೆಯಿಲ್ಲ, ಬೇಲಿಯಿಲ್ಲ. ಹಳೆಯ ಕಲ್ಲುಹಾಸಿನ ಮೇಲೆ ನೆಲಕ್ಕೆ ಹತ್ತಿಕೊಂಡೇ ಸಾಗುವ ಸಾಲು. ತಾಯಿಯ ಎತ್ತರ ಮೂರಡಿಗಿಂತ ತುಸು ಹೆಚ್ಚು. ಮಕ್ಕಳು ಬೆನ್ನೇರುತ್ತಾರೆ, ಕೊಕ್ಕು ಹಿಡಿಯುತ್ತಾರೆ; ಕೈ ತಾಗಿದಲ್ಲೆಲ್ಲ ಕಂಚು ಹೊಳಪೇರಿದೆ. ಆ ಹೊಳಪನ್ನು ಯಾರೂ ಹಾನಿಯೆಂದು ಬಗೆದಿಲ್ಲ. ಮರಿಗಳು ಕಳುವಾದದ್ದೂ ಉಂಟು. ಆಗೆಲ್ಲ ಮರಿಗಳನ್ನು ಮತ್ತೆ ಅದೇ ಜಾಗದಲ್ಲಿ ಇಟ್ಟರೇ ಹೊರತು, ಕಳ್ಳನ ನೆಪದಲ್ಲಿ ಮಕ್ಕಳನ್ನು ದೂರವಿಡಲಿಲ್ಲ.

ಇಂಥದ್ದಕ್ಕೆ ನಾವು ಅಷ್ಟು ದೂರ ನೋಡಬೇಕಾದದ್ದೇ ವಿಚಿತ್ರ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆ ಆನೆಗಳದು. ರೂವಾರಿಗಳು ಮಕ್ಕಳನ್ನು ನೆನೆದು ಕೆತ್ತಿದರೆಂದು ನಾವು ಹೇಳುವುದಿಲ್ಲ. ಆದರೆ ದೊಡ್ಡವರು ಕತ್ತೆತ್ತಿ ದೇವತೆಗಳನ್ನು ನೋಡುತ್ತಿರುವಾಗ ಮಗುವಿನ ಕಣ್ಣಿಗೆ ನೇರ ಸಿಗುವುದು ಆ ಆನೆಗಳ ಸಾಲೇ.

ಖರ್ಚಿನ ಮಾತು ಬರುತ್ತದೆ. ಫೈಬರ್ ಅಗ್ಗ, ನಿಜ. ಆದರೆ ಅದು ಬಿಸಿಲಿಗೆ ಬಣ್ಣಗೆಡುತ್ತದೆ, ಕಿವಿ ಮುರಿಯುತ್ತದೆ, ಮುರಿದ ಅಂಚು ಮಗುವಿನ ಕೈಯನ್ನೇ ಗೀರುತ್ತದೆ. ತೊಟ್ಟಿ ತೊಟ್ಟಿಯಂತೆಯೇ ಇರಲಿ. ಹತ್ತು ಜಿರಾಫೆಗಳ ಹಣದಲ್ಲಿ ನಗರಪಾಲಿಕೆಗಳು ಕಲ್ಲಿನ ಒಂದೇ ಒಂದು ಎಮ್ಮೆಗರುವನ್ನು ಮಾಡಿಸಲಿ. ನಗರದ ಮಗು ಜಿರಾಫೆಯನ್ನು ಟಿವಿಯಲ್ಲಿ ಎಷ್ಟೋ ಸಲ ಕಂಡಿರುತ್ತದೆ, ಎಮ್ಮೆಗರುವಿನ ಬೆನ್ನು ಸವರಿರುವುದಿಲ್ಲ. ಮಲಗಿದ ಕರು, ಎರಡಡಿ ಎತ್ತರ, ಅಂಚೆಲ್ಲ ನುಣುಪು. ಬೇಸಗೆಯಲ್ಲಿ ಕಲ್ಲು ಕಾಯುತ್ತದೆ. ಹಾಗಾಗಿ ಬೇವಿನ ಮರದ ಕೆಳಗೆ.