ಬಿಟ್ಟವನ ಸಂಜೆ



ಕೇರಿಯಲ್ಲಿ ಒಬ್ಬ ಕುಡಿಯೋದು ಬಿಟ್ಟನೆಂದರೆ ಸಭೆಯಲ್ಲಿ ಚಪ್ಪಾಳೆ ಬೀಳ್ತದ. ಮೂರು ತಿಂಗಳಿಗೆ ಅವನೇ ಮತ್ತೆ ಕುಡಿದು ಬಿದ್ದರೆ 'ಅವನ ಹಣೆಬರಾನೇ ಅಷ್ಟು' ಅಂತಾರೆ. ಈ ಎರಡರ ನಡುವೆ ಆ ಮನುಷ್ಯನ ಒಳಗೆ ಏನಾಯಿತೆಂದು ಕೇಳುವವರಿಲ್ಲ. ನಾವು ಕೇಳುತ್ತಿದ್ದೇವೆ.

2007ರ ಜುಲೈ 1ರಿಂದ ಸರ್ಕಾರ ಸಾರಾಯಿ ಬಂದ್ ಮಾಡಿತು. ಪಾಕೀಟು ಹೋಯಿತು, ಬಾಟಲಿ ಬಂತು. ಔರಾದಿನವರಿಗಂತೂ ಗಡಿ ದಾಟಿದರೆ ಮಹಾರಾಷ್ಟ್ರದ ದೇಶಿ ದಾರು ಇದ್ದೇ ಅದ. ಅಂಗಡಿ ಮುಚ್ಚಿಸುವ ಹೋರಾಟ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಟ್ಟವನ ಎದೆಯೊಳಗಿನ ಅಂಗಡಿಗೆ ಬೀಗ ಹಾಕುವ ಕಾನೂನಿಲ್ಲ.

ಕೈ ನಡುಗೋದು ಎಲ್ಲರಿಗೂ ಕಾಣ್ತದ. ವರ್ಷಗಟ್ಟಲೆ ವಿಪರೀತ ಕುಡಿದವನು ಒಮ್ಮೆಲೆ ಬಿಟ್ಟರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವವೇ ಹೋಗಬಹುದು. ಅಂಥವನನ್ನು ಮನೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಡುಕ ನಿಂತ ಮೇಲಿನದು ಯಾರಿಗೂ ಕಾಣುವುದಿಲ್ಲ. ನಿದ್ದೆ ಬರುವುದಿಲ್ಲ. ಸಣ್ಣ ಮಾತಿಗೆ ಸಿಟ್ಟು, ಕಾರಣವಿಲ್ಲದೆ ಅಳು. ಮದ್ಯ ನರಗಳನ್ನು ಮಂಕು ಮಾಡ್ತದ. ಅದರ ವಿರುದ್ಧ ಸೆಣಸಿ ಸೆಣಸಿ ಮಿದುಳು ಸದಾ ಎಚ್ಚರದಲ್ಲಿರುವುದನ್ನು ಕಲಿತಿರ್ತದ. ಮದ್ಯ ಹೋದರೂ ಆ ಎಚ್ಚರ ವಾರಗಟ್ಟಲೆ, ತಿಂಗಳುಗಟ್ಟಲೆ ಇಳಿಯುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್, ಜೂಡಿತ್ ಗಾರ್ಡನ್ ಜೊತೆ 1985ರಲ್ಲಿ ತಂದ ಪುಸ್ತಕದಲ್ಲಿ ಬಿಟ್ಟವರು ಮತ್ತೆ ಜಾರುವುದಕ್ಕೆ ಮುಖ್ಯವಾಗಿ ಕಂಡ ಕಾರಣಗಳು ಮೂರು: ಮನಸ್ಸಿನ ಸಂಕಟ, ಜಗಳ, ಜೊತೆಗಾರರ ಒತ್ತಾಯ.

ನಮ್ಮವರ ಸಂಕಟಕ್ಕೆ ಇನ್ನೊಂದು ಬೇರು ಅದ. ಹಲಗೆ ಬಡಿದರೆ ಕುಡಿಸಿದರು, ಸತ್ತ ದನ ಹೊತ್ತರೆ ಕುಡಿಸಿದರು. ಕೂಲಿಯ ಬದಲು ಕುಡಿತ ಕೊಟ್ಟರು; ಅಪಮಾನ ಅದರ ಜೊತೆ ಗಂಟಲಿಗೆ ಇಳಿಯಿತು. ಬಿಟ್ಟವನಿಗೆ ಈಗ 'ಏ ಬಾರಲೇ' ಅನ್ನೋದು ಪೂರಾ ಕೇಳಿಸ್ತದ. ಅವನ ಸಿಟ್ಟು ರೋಗವಲ್ಲ, ನ್ಯಾಯದ್ದೇ. ಆದರೆ ಅದು ಧಣಿಯ ವಾಡೆಗೆ ಹೋಗದೆ ಹೆಂಡತಿಯ ಮೈಮೇಲೆ ಬಂದರೆ ಅದಕ್ಕೆ ನಾವು ನ್ಯಾಯ ಅನ್ನುವುದಿಲ್ಲ. ಕುಡಿದಾಗಲೂ ಹೊಡೆತ, ಬಿಟ್ಟಾಗಲೂ ಹೊಡೆತ ಅಂದರೆ ಆಕೆ ಎಲ್ಲಿ ಹೋಗಬೇಕು?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮದ್ಯ ಮುಟ್ಟೆನು ಅನ್ನೋದೂ ಒಂದು. ಲಕ್ಷಾಂತರ ಮಂದಿ ಕೂಡಿ ಹೇಳಿದ ಮಾತು ಅದು. ಕೂಡಿ ಹೇಳಿದ್ದನ್ನು ಒಬ್ಬನೇ ಕತ್ತಲಲ್ಲಿ ಕೂತು ಕಾಯಲಿ ಅನ್ನೋದು ಯಾವ ನ್ಯಾಯ? ಭಾಲ್ಕಿಯಲ್ಲಿ, ಔರಾದಿನಲ್ಲಿ, ಬೀದರಿನ ಓಣಿಗಳಲ್ಲಿ ಸಂಘದ ಹುಡುಗರು ಸಂಜೆ ಆರರಿಂದ ಒಂಬತ್ತರ ತನಕ ಇಂಥವರ ಜೊತೆ ಕೂಡಲಿ. ಉಪದೇಶ ಬೇಡ, ಚಹಾ ಸಾಕು. ಜಾರಿದರೆ ಹಂಗಿಸಬೇಡಿ, ಮರುದಿನ ಸಂಜೆ ಮತ್ತೆ ಕರೀರಿ.

2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತದಿಂದಾದ ಮನಸ್ಸಿನ ಬೇನೆಯನ್ನೂ ಕಾಯಿಲೆಯೆಂದೇ ಎಣಿಸ್ತದ. ಚಿಕಿತ್ಸೆ ಹಕ್ಕು, ಭಿಕ್ಷೆಯಲ್ಲ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಪುಕ್ಕಟೆ ಮಾತಾಡಬಹುದು. ಬೀದರಿನಲ್ಲಿ ಬ್ರಿಮ್ಸ್ ಆಸ್ಪತ್ರೆ ಅದ. ಔರಾದಿನಿಂದ ಹೊರಟವನ ಜೊತೆ ಒಬ್ಬರು ಬಸ್ಸು ಹತ್ತಿರಿ. ದಾರಿಯಲ್ಲಿ ಆಸ್ಪತ್ರೆಗಿಂತ ಮೊದಲು ಬಾರು ಸಿಗ್ತಾವ.