ಎಲ್ಲವೂ ‘ಸೌಂಡ್’ ಆದ ಮೇಲೆ

ಕಳೆದ ವಾರ ಮೊಮ್ಮಗಳು ತನ್ನ ಶಾಲೆಯ ಹೋಮ್‌ವರ್ಕಿನ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟಳು. ಗಟ್ಟಿ ಶಬ್ದಗಳನ್ನೂ ಗದ್ದಲದ ಜಾಗಗಳನ್ನೂ ವರ್ಣಿಸುವ ಇಂಗ್ಲಿಷ್ ಪದಗಳ ಪಟ್ಟಿ ಅದು: ನಾಯ್ಸ್, ಡಿನ್, ಕ್ಲಾಮರ್, ಹಬ್ಬಬ್, ಅಪ್‌ರೋರ್, ಬೆಡ್ಲಮ್, ಪ್ಯಾಂಡೆಮೋನಿಯಮ್. ಒಂದೊಂದನ್ನೂ ತಪ್ಪಿಲ್ಲದೆ ಓದಿ ಮುಗಿಸಿ, “ಅಜ್ಜಾ, ಇಂಗ್ಲಿಷಿನ್ಯಾಗ ಎಷ್ಟ ಅದಾವ ನೋಡು. ನಮ್ಮದರಾಗ ಎಲ್ಲಾದಕ್ಕೂ ಸೌಂಡ್ ಅಷ್ಟ ಅಂತೀವಲಾ?” ಎಂದಳು.

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಸಿಟ್ಟು ಬಂದದ್ದು ಆ ಮಗುವಿನ ಮೇಲಲ್ಲ, ಆ ಪಟ್ಟಿಯ ಮೇಲೂ ಅಲ್ಲ. ಇಂಥದೇ ಪಟ್ಟಿಯನ್ನು ಖಾನಾಪುರ ತಾಲ್ಲೂಕಿನ ಕಪ್ಪು ಹಲಗೆಯ ಮೇಲೆ ವರ್ಷ ವರ್ಷವೂ ಬರೆದವನು ನಾನೇ. ‘ಬೆಡ್ಲಮ್’ ಎಂದರೆ ಗದ್ದಲ ಎಂದು ಹೇಳಿ ಮುಂದಿನ ಪದಕ್ಕೆ ಹೋದೆ. ಅದು ಲಂಡನ್ನಿನ ಬೆಥ್ಲೆಮ್ ಎಂಬ ಮನೋರೋಗಿಗಳ ಆಸ್ಪತ್ರೆಯ ಹೆಸರು ಸವೆದು ಉಳಿದ ರೂಪವೆಂದು, ನರಳುವವರ ಕೂಗು ಊರ ಬಾಯಲ್ಲಿ ಗೇಲಿಯಾದ ಕಥೆಯೆಂದು ಹೇಳಲಿಲ್ಲ. ‘ಪ್ಯಾಂಡೆಮೋನಿಯಮ್’ ಎಂಬುದು 1667ರಲ್ಲಿ ಮಿಲ್ಟನ್ ಕವಿ ತನ್ನ ಕಾವ್ಯದಲ್ಲಿ ನರಕದ ರಾಜಧಾನಿಗೆ ಇಟ್ಟ ಹೆಸರೆಂದೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಕೇಳುತ್ತಿರಲಿಲ್ಲವಲ್ಲ! ನಮ್ಮ ಭಾಷೆಯಲ್ಲಿಯೂ ಇಂಥ ಅನ್ಯಾಯವುಂಟು. ಅಂಬಾಭವಾನಿಯ ಮುಂದೆ ಸಂಬಾಳ ಬಾರಿಸಿ ರಾತ್ರಿಯಿಡೀ ಕಥೆ ಹಾಡುವ ಗೊಂದಲಿಗರ ಸೇವೆಯ ಹೆಸರು ಇಂದು ನಮ್ಮ ಬಾಯಲ್ಲಿ ಅಸ್ತವ್ಯಸ್ತಕ್ಕೆ ಪರ್ಯಾಯ. ಪಕ್ಕದ ಮರಾಠಿಯಲ್ಲಂತೂ ಎರಡಕ್ಕೂ ಒಂದೇ ಮಾತು.

ಆದರೆ ಕನ್ನಡದಲ್ಲಿ ಪದವಿಲ್ಲ ಎನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ಒಂದು ಆಷಾಢದಲ್ಲಿ ಪಾಠ ನಡೆದಿತ್ತು. ಹಂಚಿನ ಮೇಲೆ ಮಳೆ ಮೊದಲು ತಟತಟ, ಆಮೇಲೆ ಧೋ ಧೋ. ಹಿಂದಿನ ಬೆಂಚಿನ ಕಡೆ ನೋಡಿ “ಯಾರದು ಗದ್ದಲ?” ಎಂದು ಗದರಿದೆ. ಒಬ್ಬ ಹುಡುಗ ಎದ್ದು ನಿಂತು, “ಗದ್ಲ ಅಲ್ರಿ ಸರ, ಹೊಳಿ ಸಪ್ಪಳ ಐತ್ರಿ” ಎಂದ. ಮಲಪ್ರಭೆಗೆ ನೀರು ಬಂದಿತ್ತು. ನನಗೆ ಕೇಳಿಸಿದ್ದು ಒಟ್ಟಾರೆ ಶಬ್ದ, ಅವನಿಗೆ ಕೇಳಿಸಿದ್ದು ಹೊಳೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಆಡುತ್ತಿದ್ದ ಹುಡುಗ ಅವನು. ಗದ್ದಲ ಮಾಡುವುದು ಮನುಷ್ಯ, ಸಪ್ಪಳ ಯಾವುದರದೂ ಆಗಬಹುದು ಎಂಬ ಭೇದವನ್ನು ಬಿ.ಎಡ್. ಮುಗಿಸಿದ ನನಗೆ ಕಲಿಸಿ ಕುಳಿತ.

ನಮ್ಮಲ್ಲಿ ಏನಿಲ್ಲ? ಹಲವರು ಒಮ್ಮೆಲೇ ಮಾತಾಡಿದರೆ ಗದ್ದಲ, ತಗ್ಗಿದ ದನಿಯಲ್ಲಾದರೆ ಗುಜುಗುಜು, ಸುದ್ದಿ ಹಬ್ಬಿದರೆ ಗುಲ್ಲು, ಜಗಳ ಬೆರೆತರೆ ಗಲಾಟೆ, ಸಭೆ ಕೆಟ್ಟರೆ ಕೋಲಾಹಲ. ಹೊಳೆಗೆ ಭೋರ್ಗರೆತ, ಕಡಲಿಗೆ ಮೊರೆತ. ಒಬ್ಬನೇ ಗಟ್ಟಿಯಾಗಿ ಕೂಗಿದರೆ ನಮ್ಮ ಬೆಳಗಾವಿಯ ಕಡೆ ‘ಒದರ್ತಾನ’ ಎನ್ನುತ್ತೇವೆ. ದುಃಖದಲ್ಲಿ ಕೂಗಿದರೆ ‘ಹೊಯ್ಕೊಳ್ತಾನ’. ಎಲ್ಲವನ್ನೂ ಮೀರಿದ್ದಕ್ಕೆ ‘ಕಿವಿಗಡಚಿಕ್ಕುವ’ ಎಂಬ ಮಾತಿದೆ. ಉಚ್ಚರಿಸುವಾಗಲೇ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆ.

ದಬದಬ, ಗಡಗಡ, ಜುಳುಜುಳು ಎಂಬುವೆಲ್ಲ ಮಕ್ಕಳ ಮಾತು, ಭಾಷೆಯ ಸಂಪತ್ತಲ್ಲ ಎನ್ನುವ ಪಂಡಿತರೂ ಇದ್ದಾರೆ. ನಮ್ಮ ವ್ಯಾಕರಣ ಇವುಗಳಿಗೆ ಅನುಕರಣಾವ್ಯಯ ಎಂಬ ಗೌರವದ ಸ್ಥಾನ ಕೊಟ್ಟಿದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು ಇಂಥವನ್ನು ಬಿಡದೆ ದಾಖಲಿಸಿದೆ. ಎಮೆನೋ ಎಂಬ ಭಾಷಾವಿಜ್ಞಾನಿ 1969ರಲ್ಲಿ ಈ ಬಗೆಯ ಪದಗಳ ಮೇಲೆಯೇ ಪ್ರಬಂಧ ಬರೆದು, ದ್ರಾವಿಡ ಮತ್ತು ಆರ್ಯ ಭಾಷೆಗಳೆರಡೂ ಇವನ್ನು ಹಂಚಿಕೊಂಡಿವೆ ಎಂದು ತೋರಿಸಿದ. ಗಡಿಯ ಹೆಸರಿನಲ್ಲಿ ಕಾದಾಡುವ ನಮ್ಮ ಊರಿನವರು ಇದನ್ನೊಮ್ಮೆ ಓದಿದರೆ ಒಳ್ಳೆಯದು. ಗುಡುಗಿಗೆ ಇಬ್ಬರ ಎದೆಯೂ ಧಡಧಡ ಎನ್ನುತ್ತದೆ. ಇರಲಿ, ಅದು ಬೇರೆ ಮಾತು.

ಪದ ಹೋದರೆ ಹೋಗಲಿ, ಕಷ್ಟವೇನು ಎನ್ನುವವರಿಗೆ ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಬೆಳಗಾವಿಯ ಗಣೇಶ ವಿಸರ್ಜನೆಯ ಮೆರವಣಿಗೆ ಮರುದಿನದವರೆಗೂ ಸಾಗುವುದನ್ನು ನೀವೆಲ್ಲ ಬಲ್ಲಿರಿ. ನಾನೂ ಆ ಹಬ್ಬದಲ್ಲಿಯೇ ಬೆಳೆದವನು; ಕಪಿಲೇಶ್ವರ ಹೊಂಡದ ದಂಡೆಯಲ್ಲಿ ಡೋಲು ತಾಷೆ ಕೇಳುತ್ತ ಬೆಳಗು ಮಾಡಿದವನು. ಕೆಲವು ವರ್ಷಗಳ ಹಿಂದೆ ಅಂಥ ರಾತ್ರಿ ಹೃದ್ರೋಗಿಯಾದ ನಮ್ಮ ಅಕ್ಕ ಒಳಕೋಣೆಯಲ್ಲಿ ಮಲಗಿದ್ದಳು. ಗಲ್ಲಿಯ ಬಾಯಿಯಲ್ಲಿ ಡಿಜೆ ಪೆಟ್ಟಿಗೆಗಳ ಗಾಡಿ ನಿಂತಿತು. ದೂರು ಕೇಳಬೇಕಾದವರಿಗೆ ದೂರವಾಣಿ ಮಾಡಿ “ಸೌಂಡ್ ಬಾಳ ಆಗೇದ್ರೀ” ಎಂದೆ. “ಹಬ್ಬ ಅಲ್ಲೇನ್ರೀ ಸರ, ಸೌಂಡ್ ಇರೂದ” ಎಂಬ ಉತ್ತರ ಬಂತು. ಅವರು ಹೇಳಿದ್ದರಲ್ಲಿ ತಪ್ಪೇನು? ಶಹನಾಯಿಯೂ ಸೌಂಡ್, ಗಂಟೆಯೂ ಸೌಂಡ್, ಇದೂ ಸೌಂಡ್. ನಾನೇ ಕೊಟ್ಟ ಪದ ನನ್ನ ದೂರನ್ನು ತಿಂದು ಹಾಕಿತ್ತು.

ಹತ್ತು ನಿಮಿಷ ಬಿಟ್ಟು ಮತ್ತೆ ಕರೆ ಮಾಡಿದೆ. “ನಾಗೊಂದಿಗಿ ಮ್ಯಾಲಿನ ಪಾತ್ರೆ ಗಡಗಡ ನಡಗಲಿಕ್ಕತ್ತಾವ್ರೀ, ಕಿಡಕಿ ಗಾಜು ಜರ್ ಜರ್ ಅಂತದ, ಒಳಗ ನಮ್ಮ ಅಕ್ಕನ ಎದಿ ಡವಡವ ಹೊಡ್ಕೊಳ್ಳಿಕ್ಕತ್ತೈತಿ” ಎಂದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ, “ಮನಿ ಎಲ್ಲಿ ಬರ್ತದ್ರೀ?” ಅರ್ಧ ತಾಸಿನಲ್ಲಿ ಗಾಡಿ ಮುಂದೆ ಹೋಯಿತು, ಯಾರಾದರೂ ಹೇಳಿದ್ದರಿಂದಲೋ, ತಾನಾಗಿಯೋ, ನನಗೆ ತಿಳಿಯದು. ಮನೆ ಎಲ್ಲಿದೆ ಎಂದು ಕೇಳಿದರಲ್ಲ, ಅಷ್ಟನ್ನು ನಾನು ಮರೆಯಲಾರೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪುಣೆಯಲ್ಲಿ ಎಂಜಿನಿಯರ್, ಇದನ್ನು ಕೇಳಿ ನಕ್ಕ. “ಸರ್, ಪದ ಯಾಕೆ? ಡೆಸಿಬಲ್ ಇದೆಯಲ್ಲ” ಎಂದ. ಇದೆಯಪ್ಪಾ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ರಾತ್ರಿ ಎಂದು ಲೆಕ್ಕ. ಹತ್ತು ಡೆಸಿಬಲ್ ಏರಿದರೆ ಶಬ್ದದ ತೀವ್ರತೆ ಹತ್ತು ಪಟ್ಟು ಏರುತ್ತದೆ ಎಂಬುದನ್ನೂ ಬಲ್ಲೆ. ಆದರೆ ಆ ನಿಯಮ ಬಳಸುವ ‘ಎ’ ಮಾನದಲ್ಲಿ, ನಮ್ಮ ಕಿವಿ ಕಡಿಮೆ ಗ್ರಹಿಸುತ್ತದೆಂಬ ಕಾರಣಕ್ಕೆ ತಗ್ಗಿನ ಸ್ವರಗಳಿಗೆ ತೂಕ ಕಡಿಮೆ. ಡಿಜೆ ಪೆಟ್ಟಿಗೆ ಎಸೆಯುವ ಧಮ್ ಧಮ್ ಆ ತಗ್ಗಿನದೇ. ಗೋಡೆ ದಾಟಿ ಬಂದು ಪಾತ್ರೆ ಅದುರಿಸುವುದೂ ಅದೇ. ಖಾನಾಪುರದ ಮಳೆ ಹಂಚಿನ ಮೇಲೆ ಅಬ್ಬರಿಸುವಾಗ ಕೂಸುಗಳು ನಿದ್ದೆ ಹೋಗುತ್ತವೆ. ಅಂಕಿ ಎರಡಕ್ಕೂ ಒಂದೇ ಬಂದೀತು. ‘ಧೋ ಧೋ’ ಮತ್ತು ‘ಧಮ್ ಧಮ್’ ಒಂದೇ ಅಲ್ಲ. ಮಾಪಕ ಬೇಕು, ಬೇಡವೆನ್ನುವುದಿಲ್ಲ. ಆದರೆ ಅದು ನಮ್ಮ ಮನೆಗೆ ಬರುವುದು ನಾವು ಬಾಯಿಬಿಟ್ಟು ಸರಿಯಾಗಿ ಹೇಳಿದ ಮೇಲೆಯೇ.

ಮೊಮ್ಮಗಳ ಹಾಳೆಯ ಬೆನ್ನಿಗೆ ಇಬ್ಬರೂ ಕುಳಿತು ನಮ್ಮ ಪದಗಳನ್ನು ಬರೆದೆವು. ಅರವತ್ತೆರಡಕ್ಕೆ ಜಾಗ ಮುಗಿಯಿತು. ಅವಳಿಗೆ ಅತಿ ಮೆಚ್ಚಿಗೆಯಾದದ್ದು ‘ಲಬೋ ಲಬೋ’. ನಿಮ್ಮ ನಿಮ್ಮ ಊರಿನವು ನನ್ನ ನೆನಪಿಗೆ ಬಾರದವು ಇದ್ದೇ ಇರುತ್ತವೆ. ನಂದಗಡ, ಕಣಕುಂಬಿಯ ಕಡೆಯವರು ವಿಶೇಷವಾಗಿ ಬರೆದು ತಿಳಿಸಬೇಕು. ಅರವತ್ತಮೂರನೆಯದಕ್ಕೆ ಹೊಸ ಹಾಳೆ ತೆಗೆದಿಟ್ಟಿದ್ದೇವೆ.